ಬಾವಿಯಲ್ಲಿ ಉಳಿದ ಕಲ್ಲು

ಹಸಿರು ಬಳೆ ಅಕ್ಕನ ಕೈಗೆ ಏರಲಿಲ್ಲ. ರುಕ್ಮಿಣಮ್ಮ ಸೋಪಿನ ನೊರೆ ಹಚ್ಚಿದಳು, ಹರಳೆಣ್ಣೆ ಸವರಿದಳು, ಬೆರಳುಗಳನ್ನೆಲ್ಲ ಒಟ್ಟುಗೂಡಿಸಿ ಹಿಂಡಿ ನೋಡಿದಳು. ಬದುಕಿದ್ದಷ್ಟು ದಿನ ಯಾರು ಹೇಗೆ ಬಗ್ಗಿಸಿದರೂ ಬಗ್ಗಿದ ಕೈ ಈಗ ಹಟ ಹಿಡಿದು ಕೂತಿತ್ತು. ಎರಡು ಬಳೆ ಚಟ್ಟೆಂದು ಮುರಿದವು.

"ಬಿಡವ್ವ ರುಕ್ಮಿಣಿ, ಮುತ್ತೈದೆ ಕೈಯಾಗೆ ಬಳೆ ಒಡೀಬಾರ್ದು" ಎಂದಳು ಪಕ್ಕದ ಮನೆಯ ಪಾಪಮ್ಮ. ಊರಿನಲ್ಲಿ ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಬರುವವಳು ಅವಳೇ. ಹೆಣಕ್ಕೆ ಏನೇನು ಆಗಬೇಕು ಎನ್ನುವುದು ಅವಳಿಗೆ ಬಾಯಿಪಾಠ. "ದಾರಕ್ಕೆ ಪೋಣ್ಸಿ ಕೈಗೆ ಕಟ್ಟು, ಸಾಕು. ಪುಣ್ಯವಂತೆ ಕಣೇ ಸಪ್ಪಲಮ್ಮ. ಗಂಡನ ಮುಂದೆ ಹೋದ್ಲು, ಮಲಗದೆ ನರಳದೆ ಹೋದ್ಲು."

ಹಿತ್ತಲಿನ ಹಲಗೆಯ ಮೇಲೆ ಸಪ್ಪಲಮ್ಮನನ್ನು ಮಲಗಿಸಿ ಸುತ್ತ ಹಳೆಯ ಸೀರೆ ಹಿಡಿದು ಮರೆ ಮಾಡಿದ್ದರು. ನಿನ್ನೆ ಸಂಜೆ ತೋಪಿನಿಂದ ಬಂದವಳು ಜಗಲಿಯ ಮೇಲೆ ಕೂತು, "ಯಾಕೋ ಎದೆ ಹಿಡ್ದಂಗಾಯ್ತದೆ ಕಣೇ, ಒಂದು ಲೋಟ ನೀರು ಕೊಡು" ಅಂದಿದ್ದಳು. ತಂಗಿ ನೀರು ತರುವಷ್ಟರಲ್ಲಿ ಗೋಡೆಗೆ ಒರಗಿ ಮುಗಿಸಿಬಿಟ್ಟಿದ್ದಳು. ಬದುಕಿನಲ್ಲಿ ಯಾರನ್ನೂ ಏನನ್ನೂ ಕೇಳದವಳು ಕೊನೆಗೆ ಕೇಳಿದ ನೀರನ್ನೂ ಕುಡಿಯಲಿಲ್ಲವಲ್ಲ ಎಂದು ಬಂದವರೆಲ್ಲ ಕೊಂಡಾಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ರುಕ್ಮಿಣಮ್ಮನಿಗೆ ಎಲ್ಲಾದರೂ ಹೋಗಿ ಅವಿತುಕೊಳ್ಳಬೇಕು ಅನಿಸುತ್ತಿತ್ತು.

ತೋಪಿಗೆ ಹೊರಡುವಾಗ ಅಕ್ಕ ಎಂದಿನಂತೆ ಕೇಳಿದ್ದಳು, "ಬರ್ತೀಯೇನೇ ರುಕ್ಕಿ?" ರುಕ್ಮಿಣಮ್ಮನೂ ಎಂದಿನಂತೆ, "ಎಸರಿಟ್ಟಿದೀನಿ ಅಕ್ಕಾ, ನೀನು ಹೋಗಿ ಬಾ" ಅಂದಿದ್ದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬನನ್ನೇ ಕಟ್ಟಿಕೊಂಡವರು. ಸಪ್ಪಲಮ್ಮ ಬೈಲಪ್ಪನ ಕೈ ಹಿಡಿದು ಬಂದು ಹತ್ತು ವರ್ಷವಾದರೂ ಮಡಿಲು ತುಂಬಲಿಲ್ಲವೆಂದು ಅವಳ ಸ್ವಂತ ತಂಗಿಯನ್ನೇ ತಂದುಕೊಂಡಿದ್ದರು. ಹೊರಗಿನವಳು ಸವತಿಯಾಗಿ ಬರುವುದಕ್ಕಿಂತ ಒಡಹುಟ್ಟಿದವಳು ಬರುವುದು ವಾಸಿ ಎಂದು ಎರಡೂ ಕಡೆಯ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ತೀರ್ಮಾನಿಸಿದ್ದರು. ಬೈಲಪ್ಪ ಯಾವತ್ತೂ ಯಾವುದಕ್ಕೂ ಬೇಡ ಅಂದವನಲ್ಲ. ಈಗಲೂ ಅವನು ಜಗಲಿಯ ಮೂಲೆಯಲ್ಲಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಗುಂಡಿ ಎಲ್ಲಿ ತೋಡೋಣ ಎಂದು ಕೇಳಿದವರಿಗೆ, "ನೀವು ಹೇಳ್ದಂಗೆ" ಅಂದಿದ್ದ.

ಬಳೆಯನ್ನು ದಾರಕ್ಕೆ ಪೋಣಿಸಿ ಕಟ್ಟುವಾಗ ರುಕ್ಮಿಣಮ್ಮ ಅಕ್ಕನ ಬೆರಳು ನೋಡಿದಳು. ಬಲಗೈಯ ತೋರುಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಬಿಸಿನೀರು ಹಾಕಿ ಉಜ್ಜಿದಳು. ಕಡ್ಡಿಯಿಂದ ಕೆದಕಿದಳು. ಅದು ಒಂದು ದಿನದ ಮಣ್ಣಲ್ಲ; ಉಗುರೇ ಆ ಬಣ್ಣಕ್ಕೆ ತಿರುಗಿತ್ತು.

"ತೋಪಿನ ಮಣ್ಣು ಕಣವ್ವ, ಇರ್ಲಿ ಬಿಡು" ಎಂದಳು ಪಾಪಮ್ಮ. "ದಿನಾ ಆ ಕಲ್ಲುಗಳ ಚಾಕ್ರಿ ಮಾಡಿದ್ದಾಳೆ. ಒಂದಿಷ್ಟು ಜೊತೇಲೇ ಹೋಗ್ಲಿ."

*

ಮದುವೆಯಾಗಿ ಬಂದ ಹೊಸತರಲ್ಲಿ ರುಕ್ಮಿಣಿಯನ್ನು ಮೊದಲು ತೋಪಿಗೆ ಕರೆದುಕೊಂಡು ಹೋದವಳು ಸಪ್ಪಲಮ್ಮನೇ.

ಊರಿನಿಂದ ರಾಜಘಟ್ಟದ ಕಡೆ ಹೋಗುವ ಗಾಡಿಜಾಡಿನ ಪಕ್ಕಕ್ಕೆ ಅದು. ಒಂದು ಅರಳಿ, ಅದನ್ನು ತಬ್ಬಿಕೊಂಡ ಬೇವು, ಸುತ್ತ ಹತ್ತಾರು ಹುಣಸೆ. ಮರಗಳ ಕೆಳಗೆ ಸಾಲುಸಾಲಾಗಿ ನಾಗರಕಲ್ಲುಗಳು. ಅಜ್ಜಂದಿರ ಕಾಲದ್ದು, ಅವರಜ್ಜಂದಿರ ಕಾಲದ್ದು, ಮೊನ್ನೆ ಮೊನ್ನೆ ನೆಟ್ಟದ್ದು. ಒಂದು ಹೆಡೆಯವು, ಐದು ಹೆಡೆಯವು, ಹೆಣೆದುಕೊಂಡ ಜೋಡಿಗಳು. ನಡುವೆ ಕಿವಿ ಮುರಿದ ಬಸವ, ಏಳು ಜನ ಅಕ್ಕತಂಗಿಯರು ಒಂದೇ ಹಲಗೆಯಲ್ಲಿ ಕೂತ ಸವೆದ ಕಲ್ಲು, ಕತ್ತಿ ಎತ್ತಿ ನಿಂತ ಯಾವನೋ ವೀರ. ಅಕ್ಕ ಬರುವ ಮುಂಚೆ ಅಲ್ಲಿ ಲಂಟಾನ ಬೆಳೆದಿತ್ತಂತೆ. ಅದನ್ನು ಸವರಿ ಕಣಗಿಲೆ, ನಂದಿಬಟ್ಟಲು, ಮರುಗ ಹಾಕಿದ್ದಳು. ಕೊಡದಲ್ಲಿ ನೀರು ಹೊತ್ತು ಬದುಕಿಸಿದ್ದಳು. ಒಳಗೆ ಕಾಲಿಟ್ಟರೆ ಬಿಸಿಲು ಹೊರಗೇ ನಿಂತುಬಿಡುತ್ತಿತ್ತು. ಗಾಡಿ ಎತ್ತಿನ ಗಂಟೆಯೂ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಹುಣಸೆಯ ಸಂದಿಯಲ್ಲಿ ಮಾಕಳಿದುರ್ಗದ ಬೆಟ್ಟ ತಣ್ಣಗೆ ಕೂತಿತ್ತು.

"ಇಲ್ಲಿ ಬಂದು ಕೂತ್ರೆ ಮನೇಲಿ ಅಂದ ಮಾತೆಲ್ಲ ಮರ್ತೋಯ್ತದೆ ಕಣೇ" ಅಂದಿದ್ದಳು ಅಕ್ಕ.

ಆಮೇಲೆ ಸಾಲು ಹಿಡಿದು ಪರಿಚಯ ಮಾಡಿಸಿಕೊಡುತ್ತ ಹೋದಳು. ಮಕ್ಕಳಿಲ್ಲದವರು ಹರಕೆ ಹೊತ್ತು ನೆಟ್ಟ ಕಲ್ಲುಗಳಲ್ಲವೇ, ಪ್ರತಿ ಕಲ್ಲಿಗೂ ಹಿಂದೆ ಒಂದು ಕೂಸು. ಅಕ್ಕ ಕಲ್ಲನ್ನು ಆ ಕೂಸಿನ ಹೆಸರಿನಿಂದಲೇ ಕರೆಯುತ್ತಿದ್ದಳು. "ಇವನು ಅಪ್ಪಯ್ಯಣ್ಣ. ಈಗ ಮೀಸೆ ಬಂದೈತೆ, ಬೀಡಿ ಸೇದ್ತಾನೆ. ಇವಳು ಭಾಗ್ಯಮ್ಮ, ನೆಲಮಂಗಲಕ್ಕೆ ಕೊಟ್ಟವ್ರೆ. ಇವನು ಸೊಣ್ಣಪ್ಪ, ಹುಟ್ಟಿ ಮೂರೇ ತಿಂಗಳಿದ್ದ, ಪಾಪ. ಆದ್ರೂ ಅವನಿಗೂ ಒಂದು ಹೂವು ಇಡ್ತೀನಿ."

"ನಿಂದು ಎಲ್ಲಕ್ಕಾ?" ಎಂದು ರುಕ್ಮಿಣಿ ಕೇಳಿದ್ದಳು. ಕೇಳಬಾರದಿತ್ತೇನೋ.

"ನಂದು ಇನ್ನೂ ಬಾವೀಲೈತೆ" ಎಂದು ಅಕ್ಕ ನಕ್ಕಿದ್ದಳು.

ನಾಗರಕಲ್ಲನ್ನು ಕಡೆಸಿದ ಮೇಲೆ ಒಂದು ಮಂಡಲ ನೀರಿನಲ್ಲಿಟ್ಟು ಆಮೇಲೆ ನೆಡುವುದು ಪದ್ಧತಿ. ಸಪ್ಪಲಮ್ಮನ ಕಲ್ಲನ್ನು ಹೊಲದ ಬಾವಿಗಿಳಿಸಿ ಮಂಡಲ ತುಂಬುವ ಮೊದಲೇ ಮಾವ ತೀರಿಕೊಂಡರು. ವರ್ಷ ಕಳೆಯುವ ತನಕ ಶುಭಕಾರ್ಯವಿಲ್ಲ. ವರ್ಷ ಕಳೆಯಿತು, ಮಳೆ ಹೋಯಿತು. ಮುಂದಿನ ವರ್ಷ ನೋಡೋಣ ಎಂದರು. ಹಾಗೆ ನೋಡುತ್ತ ನೋಡುತ್ತ ಅತ್ತೆ ಅಮ್ಮಯಮ್ಮನಿಗೆ ಸೊಸೆಯ ಮೇಲಿನ ಆಸೆಯೇ ಹೋಗಿ, ಅವಳ ತಂಗಿಯ ಮೇಲೆ ಕಣ್ಣು ಬಿತ್ತು. ತಂಗಿಯ ಮದುವೆಯಲ್ಲಿ ತವರಿನವರು ಅದೇ ಕಲ್ಲುಕುಟಿಗನಿಂದ ಅಂಥದೇ ಇನ್ನೊಂದು ಕಲ್ಲು ಕಡೆಸಿ ಕಳಿಸಿದರು. ಅದನ್ನೂ ಅದೇ ಬಾವಿಗೆ ಇಳಿಸಿದ್ದಾಯಿತು.

"ನಿಂದೂ ನಂದೂ ಒಂದೇ ತರ ಅವೆ, ಜೋಡಿ ಹಾವು" ಎಂದಿದ್ದಳು ಅಕ್ಕ ಅರಳಿ ಬೇರಿನ ಮೇಲೆ ಕೂತು. "ನಂದ್ರಲ್ಲಿ ಮಾತ್ರ ಬುಡದಲ್ಲಿ ಅಂಬೆಗಾಲಿಡೋ ಕೃಷ್ಣನ್ನ ಮಾಡಿಸ್ದೆ. ಕುಟಿಗ ಅಂದ, ಅಲ್ಲಮ್ಮ, ನೆಟ್ರೆ ಬುಡ ಮಣ್ಣಾಗೆ ಮುಚ್ಚೋಯ್ತದೆ, ಯಾರಿಗೆ ಕಾಣ್ತಾನೆ ಅಂತ. ಮುಚ್ಚೋಗ್ಲಿ ಬಿಡಪ್ಪ, ಹೊಟ್ಟೇಲಿರೋ ಕೂಸು ಹೊರಗಿನೋರಿಗೆ ಕಾಣ್ತದಾ ಅಂದೆ."

ಹಾಗೆ ಹೇಳಿ ಅಕ್ಕ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ.

*

ಮಡಿಲು ತುಂಬುವ ಹೊತ್ತಿಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮುತ್ತೈದೆ ಹೋದರೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ಕಟ್ಟಬೇಕು. ಪಾಪಮ್ಮ ಮೊರ ಹಿಡಿದವಳು ಮುಂದೆ ಬರಲಿಲ್ಲ.

"ಹಾಕ್ಬಹುದಾ ಅಂತ..." ಎಂದು ರಾಗ ಎಳೆದಳು. "ಮಕ್ಕಳಾಗದೋರಿಗೆ ತುಂಬಿದ್ರೆ ಮುಂದಿನ ಜನ್ಮಕ್ಕೂ ಅದೇ ಗತಿ ಅಂತ ಕೆಲವರು ಅಂತಾರಪ್ಪ. ನಂಗೊತ್ತಿಲ್ಲ."

"ಯಾರಿಗೆ ಮಕ್ಕಳಿಲ್ಲ?"

ಬಾಗಿಲಲ್ಲಿ ಮುನಿಸ್ವಾಮಿ ನಿಂತಿದ್ದ. ರುಕ್ಮಿಣಮ್ಮನ ಒಬ್ಬನೇ ಮಗ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದವನು ಸುದ್ದಿ ತಿಳಿದು ಬೆಳಗಾಗುವ ಮೊದಲೇ ಸೈಕಲ್ ತುಳಿದುಕೊಂಡು ಬಂದಿದ್ದ. ಕೂದಲಲ್ಲಿ ಇನ್ನೂ ರೇಷ್ಮೆಯ ಎಳೆಗಳಿದ್ದವು. ಹೆತ್ತವಳು ರುಕ್ಮಿಣಮ್ಮನಾದರೂ ಅವನು ಬೆಳೆದದ್ದು ದೊಡ್ಡಮ್ಮನ ಸೊಂಟದ ಮೇಲೆ. ಚಿಕ್ಕಂದಿನಲ್ಲಿ ಜ್ವರ ಬಂದರೆ ಅವಳ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ.

"ಕೊಡಿ ಇಲ್ಲಿ" ಎಂದು ಮೊರ ಕಿತ್ತುಕೊಂಡು ತಾನೇ ದೊಡ್ಡಮ್ಮನ ಮಡಿಲಿಗೆ ಅಕ್ಕಿ ಸುರಿದ. ಗಂಡುಮಕ್ಕಳು ಮಾಡುವ ಕೆಲಸವಲ್ಲ ಅದು. ರುಕ್ಮಿಣಮ್ಮ ಸೆರಗಿನ ತುದಿ ಹಿಡಿದು ಗಂಟು ಹಾಕಿದಳು. ಈ ಅಕ್ಕಿಯನ್ನು ಹದಿನೆಂಟು ವರ್ಷದ ಹಿಂದೆ ಹಾಕಬೇಕಾಗಿತ್ತು, ಆಗ ತಡೆದವಳು ನಾನು ಎಂದು ಅವಳ ಒಳಗು ಒಂದೇ ಸಮ ಹೇಳುತ್ತಿತ್ತು.

ತಮಟೆ ಮುಂದೆ, ಚಟ್ಟ ಹಿಂದೆ. ಅವರಲ್ಲಿ ಹೆಂಗಸರೂ ಮಣ್ಣಿಗೆ ಬರುವುದುಂಟು. ಊರು ದಾಟಿದ ಮೇಲೆ ಹೊಲಕ್ಕೆ ನೇರ ದಾರಿ ತೋಪಿನ ಮುಂದಿನದೇ. ಆದರೆ ನಾಗರ ಮುಂದೆ ಹೆಣ ಹೋಗಕೂಡದು. ಬೈಲಪ್ಪನ ದೊಡ್ಡಪ್ಪನ ಮಗ ದೊಡ್ಡಬೀರಪ್ಪ, ಮನೆತನಕ್ಕೆಲ್ಲ ಹಿರಿಯ, ಕೋಲೆತ್ತಿ ಚಟ್ಟವನ್ನು ಕೆರೆ ಏರಿಯ ಕಡೆ ತಿರುಗಿಸಿದ. ದಿನಾ ಆ ತೋಪು ಗುಡಿಸಿದವಳಿಗೆ ಇವತ್ತು ಅದರ ಮುಂದೆ ಹಾಯುವ ಯೋಗ್ಯತೆಯೂ ಇಲ್ಲವಾಯಿತು. ಏರಿಯ ಮೇಲೆ ನಡೆಯುತ್ತ ರುಕ್ಮಿಣಮ್ಮ ಆ ಕಡೆ ನೋಡಿದಳು. ಹುಣಸೆ ಮರಗಳ ಕಪ್ಪು ಕೆಳಗೆ ಕಣಗಿಲೆಯ ಕೆಂಪು ಮಾತ್ರ ಕಂಡಿತು.

*

ರುಕ್ಮಿಣಿಗೆ ಬಂದ ವರ್ಷದಲ್ಲೇ ಮುಟ್ಟು ನಿಂತಿತು. ಅಮ್ಮಯಮ್ಮ ಹಿಗ್ಗಿ ಹೀರೇಕಾಯಿಯಾದಳು. ಅಂಥ ಹಿಗ್ಗಿನಲ್ಲಿ ಮುದುಕಿಗೆ ದೊಡ್ಡ ಸೊಸೆಯ ಮೇಲೂ ಕರುಣೆ ಬಂತು.

"ಎರಡು ಕಲ್ಲನ್ನೂ ಒಂದೇ ಮುಹೂರ್ತಕ್ಕೆ ನೆಟ್ಬಿಡೋಣ" ಎಂದಳು ಅಡುಗೆಮನೆಯಲ್ಲಿ. "ಸಪ್ಪಲಮ್ಮಂದೂ ಎಷ್ಟು ವರ್ಷ ಅಂತ ನೀರಾಗಿರ್ತದೆ? ಯಾರಿಗೊತ್ತು, ಅವಳ ಹೊಟ್ಟೇನೂ ತಣ್ಣಗಾಗ್ಬಹುದು. ವಯಸ್ಸೇನೂ ಮೀರಿಲ್ಲ."

ರುಕ್ಮಿಣಿ ಆಗ ಹತ್ತೊಂಬತ್ತರ ಹುಡುಗಿ. ಒಲೆಯ ಮುಂದೆ ಕೂತಿದ್ದಳು. ಅಕ್ಕನಿಗೂ ಮಗುವಾದರೆ? ಅಕ್ಕ ಮೊದಲನೆಯವಳು. ಅವಳ ಮಗು ಮನೆಯ ಮಗುವಾಗುತ್ತದೆ, ತನ್ನದು ಎರಡನೆಯವಳ ಮಗುವಾಗುತ್ತದೆ. ತನ್ನನ್ನು ಈ ಮನೆಗೆ ತಂದದ್ದೇ ಹೊಟ್ಟೆಗಾಗಿ. ಆ ಹೊಟ್ಟೆಗೂ ಬೆಲೆ ಇಲ್ಲವಾದರೆ ಉಳಿದದ್ದೇನು? ಇಷ್ಟೆಲ್ಲ ಯೋಚಿಸಿ ಆಡಿದ್ದಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

"ಬೇಡ ಅತ್ತೆ. ಒಂದೇ ಮನೆಯಿಂದ ಎರಡು ನಾಗರು ನೆಡಬಾರ್ದು ಅಂತ ನಮ್ಮೂರ ಕಡೆ ಹೇಳ್ತಾರೆ. ಒಂದು ಇನ್ನೊಂದರ ಕೂಸನ್ನ ತಿಂತದಂತೆ."

ಅಂಥ ಮಾತು ಅವರ ಊರಿನಲ್ಲಿ ಇರಲಿಲ್ಲ. ಯಾವ ಊರಿನಲ್ಲೂ ಇರಲಿಲ್ಲ. ಒಲೆಯ ಮುಂದೆ ಆ ಗಳಿಗೆಯಲ್ಲಿ ಹುಟ್ಟಿದ್ದು.

ಅಮ್ಮಯಮ್ಮ ಹೌಹಾರಿದಳು. ಆಮೇಲೆ ಅನುಮಾನ ಬಂತು. ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದ ದೊಡ್ಡ ಸೊಸೆಯನ್ನು ಕೂಗಿದಳು. "ಸಪ್ಪಲಮ್ಮಾ, ನೀನೂ ಅದೇ ಊರೋಳಲ್ವಾ? ಹಿಂಗಂತಾರೇನೇ ನಿಮ್ಮ ಕಡೆ?"

ಅಕ್ಕ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬೂದಿ, ಹುಣಸೆಹಣ್ಣು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಂಗಿಯ ಮುಖವನ್ನು ಒಂದು ಸಲ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ರುಕ್ಮಿಣಿ ಅವತ್ತೇ ಕಾಲಿಗೆ ಬೀಳುತ್ತಿದ್ದಳೋ ಏನೋ. ಚಿಕ್ಕವಳಿದ್ದಾಗ ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ತಂಗಿಯನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಹೂಂ ಅತ್ತೆ. ಅಂತಾರೆ" ಎಂದಳು. ತಿರುಗಿ ಪಾತ್ರೆಗೆ ಹೋದಳು.

ಕಲ್ಲು ನೆಡುವ ದಿನ ರುಕ್ಮಿಣಿಗೆ ವಾಂತಿಯೋ ವಾಂತಿ. ಬಾವಿಯ ಹತ್ತಿರ ಹೋದವಳು ಅಕ್ಕ. ಗಂಡನ ಕೈ ಹಿಡಿದು ರುಕ್ಮಿಣಿ ತೋಪಿಗೆ ಬರುವಷ್ಟರಲ್ಲಿ ಕಲ್ಲನ್ನು ನೆಟ್ಟಾಗಿತ್ತು, ಅರಿಶಿನ ಮೆತ್ತಿಯೂ ಆಗಿತ್ತು. ಅಕ್ಕ ಅದರ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಅಂಗೈಯಿಂದ ತಟ್ಟಿ ತಟ್ಟಿ ಬಿಗಿ ಮಾಡುತ್ತಿದ್ದಳು.

ಮಗ ಹುಟ್ಟಿದ. ಆಮೇಲೆ ರುಕ್ಮಿಣಿಯ ಹೊಟ್ಟೆಯೂ ಮತ್ತೆ ತುಂಬಲಿಲ್ಲ. ನಾಗರಪಂಚಮಿಯಲ್ಲಿ ಊರ ಹೆಂಗಸರ ಗುಂಪಿನಲ್ಲಿ ಹೋಗಿ ಹಾಲೆರೆದು ಬರುತ್ತಿದ್ದಳು, ಅಷ್ಟೇ. ಒಬ್ಬಳೇ ಅಕ್ಕನ ಜೊತೆ ಆ ತೋಪಿನಲ್ಲಿ ಕೂರುವ ಧೈರ್ಯ ಅವಳಿಗೆ ಮತ್ತೆ ಬರಲಿಲ್ಲ. ಅಕ್ಕ ಮಾತ್ರ ದಿನಾ ಕರೆಯುತ್ತಿದ್ದಳು.

*

ಬಾವಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಮುನಿಸ್ವಾಮಿ ಮೊದಲ ಮೂರು ಹಿಡಿ ಮಣ್ಣು ಹಾಕಿದ. ಬೈಲಪ್ಪ ಹಾಕಿದ. ರುಕ್ಮಿಣಮ್ಮ ಹಾಕುವಾಗ ಹಸಿರು ಸೀರೆಯ ಮಡಿಲಿನ ಉಬ್ಬು ಒಂದು ಕ್ಷಣ ಕಂಡಿತು, ಮೇಲೆ ಮಣ್ಣು ಬಿತ್ತು.

ಮಣ್ಣು ಕೊಟ್ಟವರೆಲ್ಲ ಬಾವಿಯ ನೀರು ಸೇದಿ ತಲೆಗೆ ಹುಯ್ದುಕೊಂಡರು. ಯುಗಾದಿ ಕಳೆದ ಬಿಸಿಲು. ಬಾವಿಯಲ್ಲಿ ನೀರು ತಳ ಕಂಡಿತ್ತು, ಸೊಂಟದವರೆಗೂ ಇರಲಿಲ್ಲ. ರುಕ್ಮಿಣಮ್ಮ ಒದ್ದೆ ಸೀರೆಯಲ್ಲೇ ಕಟ್ಟೆಯ ಮೇಲೆ ಬಗ್ಗಿ ಒಳಗೆ ನೋಡಿದಳು.

"ಭಾವ" ಎಂದಳು ದೊಡ್ಡಬೀರಪ್ಪನಿಗೆ. "ಅಕ್ಕನ ಕಲ್ಲು ಇಲ್ಲೇ ಐತೆ. ಎತ್ತಿಸ್ಬೇಕು. ತೋಪಿನಾಗೆ ನೆಡಿಸ್ಬೇಕು."

ದೊಡ್ಡಬೀರಪ್ಪ ತಲೆ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. "ಏನವ್ವ ಇದು? ಸೂತಕದಾಗೆ ನಾಗರ ಸುದ್ದಿಯಾ? ಅದೂ ಅಲ್ದೆ ಒಂದು ಮನೆಯಿಂದ ಎರಡು ನಾಗರು ನೆಡಂಗಿಲ್ಲ. ನಿಮ್ಮತ್ತೆ ಬದುಕಿದ್ದಾಗ ಊರಿಗೆಲ್ಲ ಹೇಳಿದ್ದು ಅದನ್ನೇ. ನಮ್ಮನೇಲೂ ಹಂಗೇ ನಡ್ಕೊಂಡು ಬಂದಿದೀವಿ."

"ನಮ್ಮನೇಲೂ ಅಷ್ಟೇ" ಎಂದಳು ಪಾಪಮ್ಮ ಕೂದಲು ಹಿಂಡುತ್ತ. "ನನ್ನ ಎರಡನೇ ಸೊಸೆ ಎಷ್ಟು ಗೋಗರೆದ್ರೂ ನಾನು ನೆಡಿಸ್ಲಿಲ್ಲ."

ರುಕ್ಮಿಣಮ್ಮ ತಿರುಗಿ ನೋಡಿದಳು. ಪಾಪಮ್ಮನ ಎರಡನೇ ಸೊಸೆಗೆ ಇನ್ನೂ ಮಕ್ಕಳಿಲ್ಲ. ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ತನ್ನ ಒಲೆಯ ಮುಂದೆ ಹುಟ್ಟಿದ ಮಾತು ಇಷ್ಟು ದೂರ ನಡೆದಿರುತ್ತದೆ ಎಂದು ರುಕ್ಮಿಣಮ್ಮನಿಗೆ ಗೊತ್ತಿರಲಿಲ್ಲ.

"ಅದು ಸುಳ್ಳು ಭಾವ" ಎಂದಳು. "ಅಂಥ ಪದ್ಧತಿ ಎಲ್ಲೂ ಇಲ್ಲ. ಅಕ್ಕನ ಕಲ್ಲು ನೆಡಬಾರ್ದು ಅಂತ ನಾನೇ ಕಟ್ಟಿದ್ದು."

ಪಾಪಮ್ಮ ಬಂದು ಅವಳ ಬೆನ್ನು ಸವರಿದಳು. "ಅಯ್ಯೋ, ಒಡಹುಟ್ಟಿದೋಳು ಹೋದ್ರೆ ಹಂಗೇ ಆಗೋದು. ಎಲ್ಲಾ ತನ್ನ ತಲೆ ಮೇಲೇ ಹಾಕ್ಕೋತಾಳೆ ನೋಡಿ. ನೀನ್ಯಾಕೆ ಕಟ್ತೀಯವ್ವ? ನಮ್ಮಜ್ಜೀನೂ ಹೇಳ್ತಿದ್ಲು, ನಂಗೆ ಚೆನ್ನಾಗಿ ಗ್ಯಾಪಕ ಐತೆ."

"ಇಲ್ಲ ಪಾಪಮ್ಮ, ಕೇಳಿಲ್ಲಿ..."

"ಆಯ್ತು ಆಯ್ತು. ಬಾ, ಮನೇಗೆ ಹೋಗಿ ದೀಪ ನೋಡೋಣ."

ಹದಿನೆಂಟು ವರ್ಷ ಹೇಳಲಾಗದೆ ನುಂಗಿದ್ದನ್ನು ಕೊನೆಗೂ ಉಗುಳಿದರೆ ಅದನ್ನು ಮುಟ್ಟುವವರೇ ಇರಲಿಲ್ಲ. ರುಕ್ಮಿಣಮ್ಮ ಗಂಡನ ಕಡೆ ನೋಡಿದಳು. ಬೈಲಪ್ಪ ನೆಲ ನೋಡಿದ.

ಅಷ್ಟರಲ್ಲಿ ಮುನಿಸ್ವಾಮಿ ಚಟ್ಟ ಕಟ್ಟಿದ್ದ ಹಗ್ಗವನ್ನು ಬಿಟ್ಟು ಬಾವಿ ಪಕ್ಕದ ಮೋಟು ಮರಕ್ಕೆ ಕಟ್ಟಿದ್ದ ನೀರು ಸೇದುವ ಹಗ್ಗ ಬಿಚ್ಚಿಕೊಂಡಿದ್ದ. "ನೆಡೋದು ಬಿಡೋದು ಸೂತಕ ಕಳೆದ್ಮೇಲೆ ನೋಡ್ಕೊಳ್ಳಿ ದೊಡ್ಡಪ್ಪ. ದೊಡ್ಡಮ್ಮಂದು ಅಂದ್ಮೇಲೆ ನೀರಾಗೆ ಯಾಕೆ ಕೊಳೀಬೇಕು?" ಎಂದವನೇ ಬಾವಿಯ ಮೆಟ್ಟಿಲಿಳಿದ. ಅವನ ಶೆಡ್ಡಿನ ಗೆಳೆಯರಿಬ್ಬರು ಹಿಂದೆ ಇಳಿದರು. ತಡೆಯುವುದಕ್ಕೆ ದೊಡ್ಡಬೀರಪ್ಪನಿಗೂ ವಯಸ್ಸಾಗಿತ್ತು.

ಕೆಸರಿನಲ್ಲಿ ತಡಕಾಡಿ, ಬೈದಾಡಿ, ಹಗ್ಗ ಬಿಗಿದು ಎಳೆದರು. ಕಲ್ಲು ಮೇಲೆ ಬಂತು. ಮೈತುಂಬ ಕಪ್ಪು ರಾಡಿ, ಪಾಚಿ. ಕಟ್ಟೆಯ ಮೇಲೆ ಮಲಗಿಸಿದರು. ಯಾರನ್ನೂ ಮುಟ್ಟಗೊಡದೆ ರುಕ್ಮಿಣಮ್ಮ ತಾನೇ ಕೂತು ತೊಳೆದಳು. ಹೆಡೆಯಿಂದ ಶುರು ಮಾಡಿದಳು. ಬೆಳಿಗ್ಗೆ ಅಕ್ಕನ ಮೈ ತೊಳೆದ ಕೈಯೇ ಅದು. ಎರಡು ಹೆಡೆ ಎದ್ದವು. ಹೆಣೆದ ಮೈ ಎದ್ದಿತು. ಬುಡಕ್ಕೆ ಬಂದಳು. ಇನ್ನೊಂದು ಚೆಂಬು ನೀರು ಹುಯ್ದು ಅಂಗೈಯಿಂದ ಉಜ್ಜಿದಳು.

ಬುಡದಲ್ಲಿ ಎರಡು ಬಾಲಗಳು ಸೇರಿದ್ದವು. ಕೃಷ್ಣ ಇರಲಿಲ್ಲ.

ತಿರುಗಿಸಿ ನೋಡಿದಳು, ಹಿಂದೆ ಬರಿಯ ಉಳಿಯ ಗುರುತು. ಮತ್ತೆ ಮುಂದೆ ತಿರುಗಿಸಿದಳು.

"ಏನಮ್ಮಾ ಹುಡುಕ್ತಿದೀಯ?" ಎಂದ ಮುನಿಸ್ವಾಮಿ.

"ಕೂಸು" ಎಂದಳು. "ಇದ್ರ ಬುಡದಾಗೆ ಒಂದು ಕೂಸಿರ್ಬೇಕು."

ದೊಡ್ಡಬೀರಪ್ಪ ಬಗ್ಗಿ ನೋಡಿದ. "ಕೂಸಿದ್ದದ್ದು ನಿನ್ನ ಕಲ್ಲಿನಾಗಲ್ವೇನವ್ವ? ತೋಪಿನಾಗಿರೋದು. ಅವತ್ತು ಈ ಬಾವಿಗೆ ಇಳ್ದೋನೇ ನಾನು. ಎರಡೂ ಅಕ್ಕಪಕ್ಕ ಬಿದ್ದಿದ್ವು. ಯಾವ್ದವ್ವಾ ಸಪ್ಪಲಮ್ಮ ಅಂತ ಕೂಗ್ದೆ. ಆಯಮ್ಮನೇ ಕೆಳಗಿಳಿದು ಬಂದು ಎರಡನ್ನೂ ಸವರಿ ನೋಡಿ ತೋರ್ಸಿದ್ಳು. ಇದೇ ರುಕ್ಕೀದು, ನಿಧಾನ ಎತ್ತಿ, ಬುಡ ಯಾವ್ದಕ್ಕೂ ತಾಗಿಸ್ಬೇಡಿ ಅಂದ್ಲು. ಬುಡದಾಗೆ ಅಂಬೆಗಾಲಿನ ಕೂಸಿತ್ತು. ಬಸುರಿ ಹೆಂಗಸಿನ ಕಲ್ಲು, ಸರಿಯಾಗೇ ಐತೆ ಅಂದ್ಕೊಂಡೆ."

ರುಕ್ಮಿಣಮ್ಮ ಎದ್ದು ನಿಂತಳು. ಕಟ್ಟೆಯ ಮೇಲೆ ಮಲಗಿರುವುದು ತನ್ನ ಕಲ್ಲು. ಇಷ್ಟು ವರ್ಷ ನೀರಿನಲ್ಲಿ ಮುಳುಗಿದ್ದದ್ದು ತಾನು. ಮುನಿಸ್ವಾಮಿಯ ಹೆಸರು ಹೇಳಿ ಊರೆಲ್ಲ ಹಾಲೆರೆದದ್ದು ಅಕ್ಕನ ಕಲ್ಲಿಗೆ. ತಂಗಿಯ ಸುಳ್ಳಿಗೆ ಹೂಂಗುಟ್ಟಿ, ಬಾವಿಗಿಳಿದು, ಅಕ್ಕ ತನ್ನದನ್ನೇ ಮೇಲೆ ಕಳಿಸಿದ್ದಳು. ಅದನ್ನು ತಂಗಿಗೆ ಕೊಟ್ಟಳೋ, ತಂಗಿಯ ಕಣ್ಣು ತಪ್ಪಿಸಿ ತಾನಿಟ್ಟುಕೊಂಡಳೋ? ಕೇಳೋಣವೆಂದರೆ ಮಣ್ಣು ಹಾಕಿ ಆಗಿತ್ತು. ಬರ್ತೀಯೇನೇ ರುಕ್ಕಿ, ಬರ್ತೀಯೇನೇ ರುಕ್ಕಿ ಎಂದು ದಿನಾ ಕರೆದವಳು ಒಂದಲ್ಲ ಒಂದು ದಿನ ಅದನ್ನು ಹೇಳುತ್ತಿದ್ದಳೇನೋ.

ಅವಳು ನಡೆಯತೊಡಗಿದಳು.

"ಲೇ, ಆ ಕಡೆ ಎಲ್ಲಿಗೆ? ಅದು ತೋಪು ಕಣವ್ವ!" ಪಾಪಮ್ಮ ಕಿರುಚಿದಳು. "ಮಣ್ಣು ಮಾಡಿ ಬಂದ ಮೈಯಾಗೆ ನಾಗರ ಹತ್ರ ಹೋಗ್ಬೇಡ!"

*

ತೋಪಿನ ಒಳಗೆ ಬಿಸಿಲಿರಲಿಲ್ಲ. ನಿನ್ನೆ ಸಂಜೆ ಗುಡಿಸಿದ ಪೊರಕೆಯ ಗೀರುಗಳು ಮಣ್ಣಿನ ಮೇಲೆ ಹಾಗೇ ಇದ್ದವು. ಅವುಗಳ ಮೇಲೆ ರಾತ್ರಿ ಉದುರಿದ ಹುಣಸೆಯ ಎಲೆ. ಬಾವಿಯ ಕಡೆ ಜನ ಕೂಗಾಡುವುದು ಇಲ್ಲಿಗೆ ಬರುವಷ್ಟರಲ್ಲಿ ಸಣ್ಣದಾಗಿತ್ತು. ಅಪ್ಪಯ್ಯಣ್ಣ, ಭಾಗ್ಯಮ್ಮ, ಮೂರು ತಿಂಗಳಿದ್ದ ಸೊಣ್ಣಪ್ಪ. ರುಕ್ಮಿಣಮ್ಮ ಸಾಲು ದಾಟಿಕೊಂಡು ಹೋದಳು. ಹೆಸರುಗಳೆಲ್ಲ ನೆನಪಿದ್ದವು. ಒಬ್ಬೊಬ್ಬರ ಹೆಡೆಯ ಮೇಲೂ ಬಾಡಿದ ಒಂದೊಂದು ಕಣಗಿಲೆ ಇತ್ತು.

ಅರಳಿಯ ಬೇರಿನ ಪಕ್ಕದ ಕಲ್ಲಿನ ಹೆಡೆಯ ಮೇಲೆ ಮಾತ್ರ ಹೂವಿರಲಿಲ್ಲ. ಅದರ ಹೂವು ಬುಡದಲ್ಲಿತ್ತು, ಮಣ್ಣಿನ ಮೇಲೆ.

ಅವಳು ಹೂವನ್ನು ಸರಿಸಿದಳು. ಕುಕ್ಕರಗಾಲಿನಲ್ಲಿ ಕೂತು ತೋರುಬೆರಳಿನಿಂದ ಕೆದಕಿದಳು. ಎಷ್ಟೋ ವರ್ಷದಿಂದ ಗಟ್ಟಿಯಾಗಿರಬೇಕಾದ ಮಣ್ಣು ಹಿಟ್ಟಿನಂತೆ ಸಡಿಲವಾಗಿತ್ತು. ಕೆಂಪು ಹೋಗಿ ಹಳದಿಯಾಗಿತ್ತು. ದಿನಾ ಅರಿಶಿನ ಕುಡಿದ ಮಣ್ಣು. ಒಂದು ಗೇಣು ಇಳಿಯುವುದರೊಳಗೆ ಬೆರಳಿಗೆ ದುಂಡನೆಯ ತಲೆ ತಾಗಿತು.

ಎರಡೂ ಕೈಯಿಂದ ಮಣ್ಣು ಬಿಡಿಸಿದಳು. ಅಂಬೆಗಾಲಿನ ಕೂಸು ತಲೆ ಎತ್ತಿಕೊಂಡಿತ್ತು. ಮುಂದೆ ಚಾಚಿದ ಕೈ, ಅದರಲ್ಲಿನ ಬೆಣ್ಣೆಯ ಉಂಡೆ, ಸೊಂಟದ ಉಡಿದಾರ ಎಲ್ಲ ಕಡೆದ ದಿನದಷ್ಟೇ ಚೂಪಾಗಿದ್ದವು. ಮುಖ ಇರಲಿಲ್ಲ. ಕಣ್ಣು, ಮೂಗು, ತುಟಿ ಬೆರಳು ಆಡಿ ಆಡಿ ಸವೆದು, ಕೆನ್ನೆಯೊಂದೇ ಉಳಿದು ನುಣ್ಣಗೆ ಹೊಳೆಯುತ್ತಿತ್ತು.

"ಅಮ್ಮಾ!" ಮುನಿಸ್ವಾಮಿ ತೋಪಿನ ಹೊರಗೆ ನಿಂತು ಕರೆದ. ಅವನ ಹಿಂದೆ ದೊಡ್ಡಬೀರಪ್ಪ, ಪಾಪಮ್ಮ, ಅವಳ ಎರಡನೇ ಸೊಸೆ, ಇನ್ನೂ ಯಾರುಯಾರೋ ಬರುವ ಸದ್ದು.

ರುಕ್ಮಿಣಮ್ಮ ಉಗುರು ತುಂಬಿದ ಹಳದಿ ಮಣ್ಣನ್ನು ಒರೆಸಿಕೊಳ್ಳಲಿಲ್ಲ. ಜನ ಒಳಗೆ ಬರುವ ಮುಂಚೆ, ಮೊಲೆ ಕುಡಿಯುವ ಮಗುವಿಗೆ ಮರೆ ಮಾಡುವ ಹಾಗೆ, ಒದ್ದೆ ಸೆರಗನ್ನು ಎಳೆದು ಆ ಗುಳಿಯ ಮೇಲೆ ಮುಚ್ಚಿದಳು.